ಬರ್ತೇನಿ ಅಂದವರ ದೀಪ

ಎರೆಕೊಪ್ಪಕ್ಕೆ ಅಗಸಿಯಜ್ಜ ಎಂಬ ಯಂತ್ರ ಬಂದ ಹೊಸತರಲ್ಲಿ ಇಡೀ ಓಣಿ ಫಕೀರಪ್ಪ ಹೊಸಮನಿಯನ್ನು ಬೈಯುತ್ತಿತ್ತು. ಮುದುಕ ಮಾಡಿದ್ದು ಇಷ್ಟೇ. ಉಂಡು, ಕೈ ತೊಳೆದು, ಗೋಡೆಯ ಮೇಲೆ ಹೊಸದಾಗಿ ಕೂತಿದ್ದ ಯಂತ್ರದ ಕಿವಿಗೆ, “ಸಾಕಪಾ, ಇನ್ನ ದೀಪ ದೊಡ್ಡದ ಮಾಡು” ಅಂದಿದ್ದ. ದೀಪ ಆರಿಸು ಅಂತ ಬಾಯಿಬಿಟ್ಟು ಹೇಳುವುದು ಅಶುಭ. ಆರಿಸಬೇಕಾದಾಗ ದೊಡ್ಡದು ಮಾಡು ಅನ್ನುವುದು ಅವನ ಅಜ್ಜನ ಕಾಲದಿಂದ ಬಂದ ರೂಢಿ. ಯಂತ್ರಕ್ಕೆ ಇದೆಲ್ಲ ಎಲ್ಲಿ ಗೊತ್ತು? ಹೇಳಿದಂತೆ ಕೇಳಿತು. ಮನೆಯ ದೀಪ ಕಣ್ಣು ಕುಕ್ಕಿತು. ಅವನು ಗಾಬರಿಯಾಗಿ ಮತ್ತೆ ಮತ್ತೆ ಅದನ್ನೇ ಕೂಗಿದ. ಓಣಿಯ ದೀಪಗಳೂ ಹಾಡುಹಗಲಿನಂತೆ ಹೊತ್ತಿಕೊಂಡವು. ಹುಂಜಗಳು ಬೆಳಗಾಯಿತೆಂದು ಕೂಗಲು ಶುರು ಮಾಡಿದವು.

ಆಮೇಲೆ ಹೆಂಗಸರ ಸರದಿ. ಡಬ್ಬಿಯಲ್ಲಿ ಜೋಳ ಖಾಲಿಯಾದರೆ ಖಾಲಿ ಅನ್ನಬಾರದು, ಹೆಚ್ಚಾಗಿವೆ ಅನ್ನಬೇಕು. “ಅಜ್ಜಾ, ಜ್ವಾಳ ಹೆಚ್ಚಾಗ್ಯಾವ” ಎಂದು ಅವರು ಹೇಳಿದ ಮನೆಗಳಿಗೆಲ್ಲ ಅದು ಕಾಳು ಕೊಡುವುದನ್ನೇ ನಿಲ್ಲಿಸಿತು. ಹೆಚ್ಚಾದವರಿಗೆ ಮತ್ತೇಕೆ ಎಂಬುದು ಅದರ ನ್ಯಾಯ. ಈ ಎರಡು ಮಾತಿನ ಒಳಗುಟ್ಟನ್ನು ಯಂತ್ರಕ್ಕೆ ಕಲಿಸಿಕೊಟ್ಟವಳು ಫಕೀರಪ್ಪನ ಹಿರಿಯ ಮಗಳು ಮುಕ್ತಾ. ಅವಳು ತಾಲೂಕಿನ ನಿಯಂತ್ರಣ ಕೊಠಡಿಯಲ್ಲಿ ಕೆಲಸಕ್ಕಿದ್ದಳು. ಕಲಿಸುವ ವಿಧಾನ ಸರಳ: ಊರ ಬಾಗಿಲಲ್ಲಿ ನಿಂತು, ಈ ಮಾತು ಅಂದರೆ ಈ ಅರ್ಥ ಎಂದು ಆ ಊರಿನವರೇ ಒಬ್ಬರು ಬಾಯಲ್ಲಿ ಹೇಳಬೇಕು. ಒಮ್ಮೆ ಹೇಳಿದರೆ ಮುಗಿಯಿತು, ಅದು ಮರೆಯುವುದಿಲ್ಲ.

ಸರಕಾರಿ ಕಾಗದದಲ್ಲಿ ಅದರ ಹೆಸರು ಸಮಗ್ರ ಗ್ರಾಮ ನಿರ್ವಹಣಾ ವ್ಯವಸ್ಥೆ. ಅಷ್ಟುದ್ದದ ಹೆಸರು ಹಿಡಿದು ಕರೆಯುವ ಪುರಸೊತ್ತು ಯಾರಿಗಿದೆ? ಊರ ಹೆಬ್ಬಾಗಿಲಾದ ಅಗಸಿಯ ಕಲ್ಲುಕಮಾನಿನಲ್ಲಿ ಅದರ ದೊಡ್ಡ ಕಿವಿಯನ್ನು ಕೂರಿಸಿದ್ದರಿಂದ ಎಲ್ಲರೂ ಅಗಸಿಯಜ್ಜ ಅಂದರು, ಅದೇ ನಿಂತಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಕೊಡುವ ಕರೆಂಟನ್ನು ಹಳೆಯ ಚಾವಡಿಯ ಬ್ಯಾಟರಿಗಳಲ್ಲಿ ತುಂಬಿಡುವುದು ಅಜ್ಜನ ಕೆಲಸ. ಕೊಳವೆಯಲ್ಲಿ ಬಂದ ನೀರನ್ನು ನೆಲದೊಳಗಿನ ದೊಡ್ಡ ತೊಟ್ಟಿಗಳಲ್ಲಿ ಕಾಯುವುದೂ ಅದೇ. ಹಿಂದಿನವರು ಕಾಳು ತುಂಬಿಡಲು ತೋಡಿದ್ದ ಹಗೇವುಗಳೆಂಬ ನೆಲಕಣಜಗಳಿಗೆ ಒಣಗಾಳಿ ಹಾಯಿಸಿ ಜೋಳ ಕೆಡದಂತೆ ನೋಡಿಕೊಳ್ಳುವುದೂ ಅದೇ. ಊರಲ್ಲಿ ಇರುವವರಿಗೆ, ಬರಲಿರುವವರಿಗೆ, ತಲೆಗಿಷ್ಟು ಎಂದು ಪಾಲು ಎತ್ತಿಡುತ್ತಿತ್ತು.

ಯಾರು ಒಳಗೆ, ಯಾರು ಹೊರಗೆ ಎಂದು ತಿಳಿಯುವುದು ಹೇಗೆ? ಅಗಸಿ ದಾಟುವವರು ನಾಲ್ಕು ಮಾತಾಡಿಯೇ ದಾಟುತ್ತಾರೆ. ಅಜ್ಜ ದನಿ ಕೇಳಿ ಗುರುತು ಹಿಡಿಯುತ್ತಿತ್ತು. ಪ್ರತಿ ಮನೆಯ ತಲಬಾಗಿಲ ಮೇಲೆ, ಮನೆಯ ಒಬ್ಬೊಬ್ಬರಿಗೂ ಒಂದರಂತೆ, ಗುಲಗಂಜಿಯಷ್ಟು ಸಣ್ಣ ದೀಪಗಳ ಸಾಲು. ಹೊರಗೆ ಹೋದವರ ದೀಪ ಹೊತ್ತಿರುತ್ತದೆ, ತಿರುಗಿ ಬಂದರೆ ಆರುತ್ತದೆ. ವರ್ಷಗಟ್ಟಲೆ ಬಿಟ್ಟು ಬಂದವರ ದನಿ ಒಡೆದಿರುತ್ತದೆ, ಕುಗ್ಗಿರುತ್ತದೆ. ಅಂಥವರು ತಮ್ಮ ಹೆಸರು, ಯಾರ ಮನೆಗೆ ಬಂದದ್ದು ಎಂಬುದನ್ನು ಹೇಳಬೇಕು. ದನಿಯಲ್ಲಿ ಆ ಮನೆತನದ ಜಾಡು ಸಿಕ್ಕಿದರೆ ಅಜ್ಜನಿಗೆ ಅಷ್ಟು ಸಾಕು. ಮಕ್ಕಳು ಇನ್ನೂ ಆಡಿ ಬಂದಿಲ್ಲ, ಗಂಡ ಇನ್ನೂ ಸಂತೆಯಿಂದ ಬಂದಿಲ್ಲ ಎಂದು ಹೆಂಗಸರು ತಲೆಯೆತ್ತಿ ದೀಪ ನೋಡಿ ತಿಳಿಯುವ ರೂಢಿ ಬೆಳೆಯಿತು.

ಫಕೀರಪ್ಪನ ಮನೆಯ ಸಾಲಿನಲ್ಲಿ ನಾಲ್ಕು ದೀಪ. ಅವನದು, ಮುಕ್ತಾಳದು, ಹೆಂಡತಿ ಹೊನ್ನವ್ವನದು, ಕಿರಿಯ ಮಗಳು ಕಸ್ತೂರಿಯದು. ಹೊನ್ನವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಸ್ಪತ್ರೆಗೆ ಒಯ್ಯುವಾಗ ಅಗಸಿಯಲ್ಲಿ ಗಾಡಿ ನಿಲ್ಲಿಸಿ, ಕೂಡಿದ ಮಂದಿಗೆ ಕೈಮುಗಿದು, “ಬರ್ತೇನ್ರವಾ” ಅಂದು ಹೋದವಳು ತಿರುಗಿ ಬರಲಿಲ್ಲ. ಅವಳ ದೀಪ ಅಂದಿನಿಂದ ಉರಿಯುತ್ತಲೇ ಇತ್ತು. ಅದರ ಪಕ್ಕದ್ದೂ ಉರಿಯುತ್ತಿತ್ತು. ಅದರತ್ತ ಕೈತೋರಿಸಿ ಫಕೀರಪ್ಪ ಆಗಾಗ, “ಅದ ಕೆಟ್ಟೈತಿ, ಒಂದಿನ ತಗಿಸಿಬಿಡು” ಅನ್ನುತ್ತಿದ್ದ. ಮುಕ್ತಾ ಹೂಂ ಅನ್ನುತ್ತಿದ್ದಳು, ತೆಗೆಸಿರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ನಿಯಂತ್ರಣ ಕೊಠಡಿಯ ಮುಖ್ಯಸ್ಥರಾದ ಪ್ರಹ್ಲಾದ ದೇಸಾಯಿಯವರು ಮುಕ್ತಾಳನ್ನು ಗೋಡೆಯಗಲದ ಪರದೆಯ ಎದುರು ಕರೆದರು. ತಾಲೂಕಿನ ಹಳ್ಳಿಗಳೆಲ್ಲ ಅದರಲ್ಲಿ ಸಣ್ಣ ಸಣ್ಣ ವೃತ್ತಗಳು. ಎರೆಕೊಪ್ಪದ ವೃತ್ತ ಮಾತ್ರ ಪೂರಿಯಂತೆ ಉಬ್ಬಿತ್ತು.

“ಮುಕ್ತಾ, ನಿಮ್ಮೂರಾಗ ಮಂದಿ ಎಷ್ಟಿದ್ದಾರ?”

“ಎಂಟನೂರರ ಮ್ಯಾಲೆ ಸ್ವಲ್ಪ ಇರಬೇಕ್ರಿ ಸರ್.”

“ನಿಮ್ಮ ಅಜ್ಜನ ಲೆಕ್ಕದಾಗ ಎರಡ ಸಾವಿರ ದಾಟೇದ. ಅಷ್ಟೂ ಮಂದಿಗೆ ನೀರು, ಕರೆಂಟು, ಕಾಳು ಎತ್ತಿಟಗೊಂಡು ಕೂತದ. ಯಾರವರು? ಎಲ್ಲಿದ್ದಾರ?”

ಮುಕ್ತಾ ಕೂತು ಹುಡುಕಿದಳು. ಹುಡುಕುವುದು ಕಷ್ಟವೇನಾಗಲಿಲ್ಲ. ಅವರೆಲ್ಲ ಅಗಸಿಯಲ್ಲಿ ನಿಂತು ಬರ್ತೇನಿ ಅಂದವರು. ಮದುವೆಯಾಗಿ ಹೊಳೆಸಾಲಿನ ಹಳ್ಳಿಗಳಿಗೆ ಹೋದ ಹೆಣ್ಣುಮಕ್ಕಳು, ಗೋವಾಕ್ಕೆ ದುಡಿಯಲು ಹೋದವರು, ಒಂದು ಹೊತ್ತು ಉಂಡು ಹೋದ ಬೀಗರು, ಬಳೆ ಮಾರಲು ಬಂದ ಮುದುಕಿ, ವರ್ಗವಾಗಿ ಹೋದ ಮಾಸ್ತರರು. ಆಸ್ಪತ್ರೆಗೆ ಹೋಗಿ ಹೆಣವಾಗಿ ಬಂದವರೂ ಇದ್ದರು. ಹೊರಡುವವರು ಹೋಗುತ್ತೇನೆ ಅನ್ನಬಾರದು. ಎರೆಕೊಪ್ಪದ ಅಗಸಿಯಲ್ಲಿ ಯಾರೂ ಅಂದಿರಲಿಲ್ಲ. ಎಲ್ಲರೂ ಬರುತ್ತೇನೆ ಅಂದಿದ್ದರು, ಅಗಸಿಯಜ್ಜ ಎಲ್ಲರನ್ನೂ ನಂಬಿತ್ತು. ನಂಬಿ ಒಬ್ಬೊಬ್ಬರಿಗೂ ಪಾಲು ತೆಗೆದಿಟ್ಟು, ಐದು ವರ್ಷಗಳಿಂದ ದಾರಿ ಕಾಯುತ್ತಿತ್ತು.

ಹೋದವರ ದೀಪ ಉರಿಯುವುದನ್ನು ಊರಿನವರೆಲ್ಲ ದಿನಾ ನೋಡುತ್ತಿದ್ದರು. ಯಾರೂ ಕಚೇರಿಗೆ ದೂರು ಕೊಟ್ಟಿರಲಿಲ್ಲ. ಕೊಡುವಂಥದ್ದೇನಿದೆ ಅದರಲ್ಲಿ? ಬರುತ್ತೇನೆ ಅಂದವರ ದೀಪ ಉರಿಯಬೇಕಾದ್ದೇ. ಮುಕ್ತಾಳಿಗೂ ಅದು ಬರೀ ದೀಪ, ಅದರ ಹಿಂದೆ ಕೊಡಗಟ್ಟಲೆ ನೀರು, ಚೀಲಗಟ್ಟಲೆ ಜೋಳ ಕೂತಿದೆ ಎಂದು ಹೊಳೆದಿರಲಿಲ್ಲ. ಈಗ ಹೊಳೆಯಿತು. ನಗಬೇಕೋ ಅಳಬೇಕೋ ತಿಳಿಯದೆ ಪರದೆಯನ್ನೇ ನೋಡುತ್ತ ಕೂತಳು.

ದೇಸಾಯಿಯವರು ನಕ್ಕರು, ಅವರು ಕೆಟ್ಟವರಲ್ಲ. ಆದರೆ ನಗು ನಿಂತ ಮೇಲೆ ಹೇಳಬೇಕಾದ್ದನ್ನು ಹೇಳಿದರು. “ಇದರೊಳಗಿನ ನೀರು ಸುತ್ತಿನ ಹಳ್ಳಿಗಳಿಗೆ ಹೋಗಬೇಕವಾ. ಅವರೂ ಮನಷ್ಯಾರ. ಸೋಮವಾರದೊಳಗ ಅಜ್ಜಗ ಕಲಿಸಿಬಿಡು, ಬರ್ತೇನಿ ಅಂದ್ರ ಹೋದ್ರು ಅಂತ ಅರ್ಥ. ಕಲಿಸಿದ ಕೂಡ್ಲೇ ಆ ದೀಪ ಎಲ್ಲಾ ಆರತಾವ, ಪಾಲು ಬಿಟಗೊಡತದ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುಕ್ತಾ ಆಗಲಿ ಅಂದಳು. ಬಸ್ಸಿನಲ್ಲಿ ಊರಿಗೆ ಬರುವಾಗ ಅರ್ಧ ದಾರಿಯಲ್ಲಿ ಅವಳಿಗೆ ಇನ್ನೊಂದು ಸಂಗತಿ ಹೊಳೆಯಿತು. ಅಜ್ಜ ಕಾಯುವುದು ಬರ್ತೇನಿ ಅಂದವರನ್ನಷ್ಟೇ; ಅಗಸಿಯಲ್ಲಿ ಹಾಗೆ ಅನ್ನದವರ ದೀಪ ಉರಿಯುವುದಿಲ್ಲ. ಹಾಗಾದರೆ ಮನೆಯ ಆ ನಾಲ್ಕನೆಯ ದೀಪ ಕೆಟ್ಟಿಲ್ಲ.

ಕಸ್ತೂರಿ ಹೋದ ದಿನ ಅವಳಿಗೆ ನಿನ್ನೆಯಂತೆ ನೆನಪಿತ್ತು. ಹೊಳೆಯಲ್ಲಿ ದೋಣಿ ನಡೆಸುವ ಅಂಬಿಗರ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಅವಳು ಪಟ್ಟು ಹಿಡಿದಿದ್ದಳು. ಈ ಹೊಸ್ತಿಲು ಇನ್ನು ತುಳಿಯಬೇಡ ಎಂದು ಅಪ್ಪ ಗುಡುಗಿದ್ದ. ಅವಳೂ ಅಪ್ಪನ ಮಗಳೇ. ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ, “ಹೋಗ್ತೇನಿ. ಹೋಗೇ ಹೋಗ್ತೇನಿ” ಅಂದಿದ್ದಳು. ಆ ಮಾತನ್ನು ಮನೆ ಮರೆತಿರಲಿಲ್ಲ. ಜಗಳಕ್ಕಿಂತ, ಅಂಬಿಗರ ಹುಡುಗನಿಗಿಂತ, ಆ ಒಂದು ಶಬ್ದವೇ ಫಕೀರಪ್ಪನಿಗೆ ನಾಟಿತ್ತು. ಹೊನ್ನವ್ವ ಸತ್ತಾಗಲೂ ಅವನು ಕಸ್ತೂರಿಗೆ ಹೇಳಿ ಕಳಿಸಲಿಲ್ಲ. ಹೋಗುತ್ತೇನೆ ಅಂದವಳಿಗೆ ಏನು ಹೇಳುವುದು ಎಂದಿದ್ದ. ಮಣ್ಣಾದ ಮೇಲೆ ಯಾರದೋ ಬಾಯಿಂದ ಅವಳಿಗೆ ಸುದ್ದಿ ಮುಟ್ಟಿತಂತೆ. ಆ ದಿನ ಅವಳ ಹಿಂದೆ ಅಗಸಿಯವರೆಗೆ ಹೋಗಿದ್ದವಳು ಹೊನ್ನವ್ವ ಒಬ್ಬಳೇ. ಅಲ್ಲಿ ಏನಾಯಿತೆಂದು ಅವಳು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ.

ಮನೆಗೆ ಬಂದಾಗ ಫಕೀರಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದ. ಮುಕ್ತಾ ಚಪ್ಪಲಿ ಬಿಡದೆಯೇ ಹೇಳಿದಳು.

“ಅಪ್ಪಾ, ಆ ದೀಪ ಕೆಟ್ಟಿಲ್ಲ.”

“ಯಾವ ದೀಪ?”

“ಕಸ್ತೂರೀದು. ಅಗಸ್ಯಾಗ ಬರ್ತೇನಿ ಅಂದ ಹೋಗ್ಯಾಳ ಅಕಿ. ಅಂದಿಲ್ಲಂದ್ರ ಅದು ಹತ್ತತಿರಲಿಲ್ಲ.”

ಫಕೀರಪ್ಪ ಕೈಯಲ್ಲಿದ್ದ ಮೇವನ್ನು ಎಮ್ಮೆಯ ಮುಂದೆ ಹಾಕಲಿಲ್ಲ, ಕೆಳಗೂ ಇಡಲಿಲ್ಲ. ಹಾಗೇ ಹಿಡಿದುಕೊಂಡು ಕೇಳಿದ, “ನಿಮ್ಮವ್ವಗ ಗೊತ್ತಿತ್ತೇನು?”

“ಆಕೀಗೇ ಹೇಳಿರಬೇಕಲ್ಲಪ್ಪಾ. ಮತ್ತ್ಯಾರಿದ್ರು ಅಲ್ಲೆ?”

ಫಕೀರಪ್ಪ ಮೇವನ್ನು ಅಲ್ಲೇ ಬಿಟ್ಟ. ಏಣಿ ತಂದು ಬಾಗಿಲಿಗೆ ಒರಗಿಸಿದ. ಹೆಗಲ ಮೇಲಿನ ಟವೆಲ್ಲಿನಿಂದ, ಐದು ವರ್ಷದ ಧೂಳು ಕೂತಿದ್ದ ಆ ದೀಪವನ್ನು ಒರೆಸಿದ. ಒರೆಸಿ ಇಳಿದು ಬಂದು, ದೂರ ನಿಂತು ನೋಡಿದ. ಅವನ ಕಣ್ಣು ತುಂಬಿತ್ತು. ಮುಕ್ತಾ ಸೋಮವಾರದ ಮಾತನ್ನು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು.

ಭಾನುವಾರ ಬೆಳಿಗ್ಗೆ ಅವಳು ಅಗಸಿಗೆ ಹೋಗಿ ನಿಂತಳು. ಕಮಾನಿನ ಕಲ್ಲಿನ ನಡುವೆ ಅಜ್ಜನ ಕಿವಿ, ಹಿತ್ತಾಳೆಯ ಒಂದು ಜಾಲರಿ. ಹೇಳಬೇಕಾದ ಮಾತು ಒಂದೇ: ಬರ್ತೇನಿ ಅಂದರೆ ಹೋದರು. ಹೇಳಿದರೆ ಆ ನೀರು ಹಂಚಿಹೋಗುತ್ತದೆ, ನಾಳೆ ಸಂಜೆಗೆ ಪಕ್ಕದ ಹಳ್ಳಿಗಳ ನಲ್ಲಿಯಲ್ಲಿ ಬರುತ್ತದೆ, ಒಳ್ಳೆಯದೇ. ಅಪ್ಪ ಒರೆಸಿಟ್ಟ ದೀಪವೂ ಆರುತ್ತದೆ. ಅದು ಮತ್ತೆ ಹೊತ್ತಿಕೊಳ್ಳುವುದಿಲ್ಲ. ಇಡೀ ಲೋಕದಲ್ಲಿ ಕಸ್ತೂರಿಯ ಆ ಮಾತನ್ನು ಇನ್ನೂ ಹಿಡಿದುಕೊಂಡು ಕೂತಿರುವುದು ಈ ಜಾಲರಿಯೊಂದೇ. ಅವ್ವ ಹೋದಳು. ಇದೂ ಬಿಟ್ಟುಕೊಟ್ಟರೆ ಕಸ್ತೂರಿ ಹೋಗುತ್ತೇನೆ ಅಂದದ್ದೊಂದೇ ಉಳಿಯುತ್ತದೆ.

ಅಷ್ಟರಲ್ಲಿ ಎದುರು ಮನೆಯ ಗಿರಿಜವ್ವ ಹೊಲಕ್ಕೆ ಹೊರಟವಳು ಅಗಸಿಯಲ್ಲಿ ಅವಳನ್ನು ಕಂಡು, “ಬರ್ತೇನವಾ ಮುಕ್ತಾ” ಅಂದು ದಾಟಿದಳು. ಹಿಂದೆ ಅವಳ ಮನೆಯ ಬಾಗಿಲಲ್ಲಿ ಒಂದು ದೀಪ ಹೊತ್ತಿತು. ಮುಕ್ತಾ ಆ ದೀಪವನ್ನೇ ನೋಡಿದಳು. ಹೇಳಬೇಕೆಂದಿದ್ದನ್ನು ಹೇಳದೆ ಮನೆಗೆ ತಿರುಗಿದಳು. ಅಂದು ಮಧ್ಯಾಹ್ನ ಪಡುವಣ ದಿಕ್ಕಿನಲ್ಲಿ ಮೋಡ ಕವಿಯಿತು.

ಎರೆಕೊಪ್ಪದ ಮೇಲೆ ಮಳೆ ಬಿದ್ದದ್ದು ಕಡಿಮೆಯೇ. ಆದರೆ ಮೇಲೆ, ಘಟ್ಟದಲ್ಲಿ, ಆಕಾಶ ಹರಿದುಬಿದ್ದಿತ್ತು. ಸೋಮವಾರ ಮುಕ್ತಾ ಕೊಠಡಿಗೆ ಬರುವ ಹೊತ್ತಿಗೆ ಅಣೆಕಟ್ಟಿನ ಬಾಗಿಲುಗಳನ್ನು ತೆರೆದಿದ್ದರು. ಪರದೆಯ ಮೇಲೆ ಹೊಳೆಸಾಲಿನ ವೃತ್ತಗಳು ಒಂದೊಂದಾಗಿ ಕೆಂಪಗಾಗಿ, ಆಮೇಲೆ ಕಪ್ಪಾಗುತ್ತಿದ್ದವು. ಕಪ್ಪು ಅಂದರೆ ಅಲ್ಲಿ ಇನ್ನು ಕರೆಂಟಿಲ್ಲ, ಮಾತಿಲ್ಲ, ಹೇಳಲು ಏನೂ ಇಲ್ಲ. ಕಸ್ತೂರಿಯ ಊರು ಕಪ್ಪಾದಾಗ ಮುಕ್ತಾ ಮೇಜಿನ ಅಂಚನ್ನು ಹಿಡಿದುಕೊಂಡಳು.

“ಇವರನ್ನೆಲ್ಲ ಎಲ್ಲಿ ಇಡೋಣ?” ದೇಸಾಯಿಯವರ ದನಿ ಬಿದ್ದುಹೋಗಿತ್ತು. “ಯಾವ ಊರಾಗೂ ಎರಡ ದಿನದ ಮ್ಯಾಲೆ ನೀರಿಲ್ಲ, ಕಾಳಿಲ್ಲ. ಸಾವಿರಗಟ್ಟಲೆ ಮಂದಿ.”

ಮುಕ್ತಾ ಪರದೆಯತ್ತ ಬೆರಳು ತೋರಿಸಿದಳು. ಗುಡ್ಡದ ಬುಡದಲ್ಲಿ, ಎತ್ತರದ ನೆಲದ ಮೇಲೆ, ಒಂದು ವೃತ್ತ ಪೂರಿಯಂತೆ ಉಬ್ಬಿಕೊಂಡು ಹಸಿರಾಗಿ ಕೂತಿತ್ತು.

“ನೀ ಅದಕ್ಕಿನ್ನೂ ಕಲಿಸಿಲ್ಲ?” ಎಂದು ದೇಸಾಯಿ ಕೇಳಿದರು.

“ಇಲ್ರೀ ಸರ್. ಬಾಯಿ ಬರಲಿಲ್ಲ.”

ದೇಸಾಯಿ ಕುರ್ಚಿಯಲ್ಲಿ ಕುಸಿದು ಕೂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. “ಚಲೋ ಆತವಾ” ಅಂದರು, ಅಷ್ಟೇ. ಆಮೇಲೆ ಎದ್ದು ಟ್ರ್ಯಾಕ್ಟರುಗಳಿಗೆ ಫೋನು ಮಾಡತೊಡಗಿದರು.

ಅವರು ಹೇಳುವ ಮೊದಲೇ ಜನ ಹೊರಟಾಗಿತ್ತು. ಹೊಳೆಸಾಲಿನ ಹಳ್ಳಿಗಳಲ್ಲಿ ಎರೆಕೊಪ್ಪದ ಹೆಣ್ಣುಮಕ್ಕಳಿಲ್ಲದ ಓಣಿಯಿರಲಿಲ್ಲ. ಮನೆಗೆ ನೀರು ನುಗ್ಗಿದಾಗ ಹೆಣ್ಣುಮಗಳು ಹಿಡಿಯುವ ದಾರಿ ಒಂದೇ, ತವರಿನದು. ಗಂಡ, ಮಕ್ಕಳು, ಅತ್ತೆ, ಮಾವ, ಕೈಗೆ ಸಿಕ್ಕ ನೆರೆಯವರು, ಎಲ್ಲರನ್ನೂ ಕಟ್ಟಿಕೊಂಡು ಅವರು ಗುಡ್ಡದತ್ತ ನಡೆದಿದ್ದರು.

ಮುಕ್ತಾ ಊರಿಗೆ ಬಂದಾಗ ಮುಸ್ಸಂಜೆ. ಅಗಸಿಯ ಹತ್ತಿರ ಊರಿಗೆ ಊರೇ ನೆರೆದಿತ್ತು. ಕೆಳಗಿನ ರಸ್ತೆಯಲ್ಲಿ ಕಣ್ಣು ಹಾಯುವಷ್ಟು ದೂರ ಟ್ರ್ಯಾಕ್ಟರು, ಚಕ್ಕಡಿ, ತಲೆಯ ಮೇಲೆ ಗಂಟು ಹೊತ್ತ ಮಂದಿ. ಮೊದಲು ಬಂದವಳು ಒಬ್ಬ ನಡುವಯಸ್ಸಿನ ಹೆಂಗಸು, ಸೀರೆ ಮೊಣಕಾಲಿನವರೆಗೆ ಕೆಸರು. ಕಮಾನಿನ ಕೆಳಗೆ ನಿಂತು, ಏದುಸಿರಿನಲ್ಲಿ, “ನಾ ಪಾರವ್ವ. ಬಣಗಾರರ ಮನಿಗೆ ಬಂದೇನಿ” ಅಂದಳು. ಬಣಗಾರರ ಮನೆಯ ಬಾಗಿಲಲ್ಲಿ ಒಂದು ದೀಪ ಆರಿತು. ಅದೇ ಗಳಿಗೆಗೆ ಆ ಮನೆಯ ಅಂಗಳದ ನಲ್ಲಿಯಲ್ಲಿ, ಅವಳ ಪಾಲಿನ ಕರೆಂಟಿನಲ್ಲಿ ಕಾಸಿದ ಬಿಸಿನೀರು ಸುರಿಯಿತು. ಚಾವಡಿಯ ಹಿಂದೆ ಹಗೇವಿನ ಮುಚ್ಚಳ ತಾನಾಗಿ ಸರಿಯಿತು. ಪಾರವ್ವನ ಪಾಲು, ವರ್ಷಗಳಿಂದ ಎತ್ತಿಟ್ಟದ್ದು, ಬಿಡುಗಡೆಯಾಗಿತ್ತು.

ಆಮೇಲೆ ಹೆಸರುಗಳ ಮೇಲೆ ಹೆಸರು. ನಾ ಇಂಥಾಕಿ, ಇಂಥವರ ಮನಿಗೆ ಬಂದೇನಿ. ಒಂದು ಹೆಸರಿಗೆ ಒಂದು ದೀಪ. ಹೆಸರಿಲ್ಲದವರ, ಅಂದರೆ ಅಗಸಿಗೆ ಅಪರಿಚಿತರಾದ ಗಂಡಂದಿರ, ಕೂಸುಗಳ, ನೆರೆಯವರ ಪಾಲು ಎಲ್ಲಿಂದ ಬರಬೇಕು ಎಂದು ಮುಕ್ತಾ ಒಂದು ಕ್ಷಣ ಹೆದರಿದಳು. ಕೈಯಲ್ಲಿದ್ದ ಪರದೆ ನೋಡಿದರೆ ಅಜ್ಜ ತಾನೇ ದಾರಿ ಹುಡುಕಿತ್ತು. ಗೋವಾಕ್ಕೆ ಹೋದವರ, ಬಳೆಗಾರ ಮುದುಕಿಯ, ವರ್ಗವಾದ ಮಾಸ್ತರರ, ಸತ್ತವರ ಪಾಲನ್ನು ಸಾಲ ತೆಗೆದು ಇವರಿಗೆ ಬಡಿಸುತ್ತಿತ್ತು. ಊರಿನ ಸತ್ತವರೆಲ್ಲ ಎದ್ದು ಬಂದು ತಮ್ಮ ತಟ್ಟೆಯನ್ನು ಹಸಿದವರತ್ತ ಸರಿಸಿದರು ಎಂದು ಅವಳಿಗೆ ಅನ್ನಿಸಿತು. ಅವಳು ನಿಂತಲ್ಲೇ ಕೈಮುಗಿದಳು. ಯಾರಿಗೆ ಮುಗಿದದ್ದು ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಗುಡ್ಡದ ಮೇಲೆ ಗಾಳಿಯಂತ್ರಗಳು ಭರದಿಂದ ತಿರುಗುತ್ತಿದ್ದವು. ಕೆಳಗೆ ಒಂದೊಂದೇ ಬಾಗಿಲಿನ ದೀಪ ಆರುತ್ತ, ಓಣಿಗಳು ಸಣ್ಣಗೆ ಕತ್ತಲಾಗುತ್ತ ಬಂದವು. ಆ ಕತ್ತಲೆಯನ್ನು ಕಂಡು ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಫಕೀರಪ್ಪ ಮಧ್ಯಾಹ್ನದಿಂದ ಕಮಾನಿಗೆ ಒರಗಿ ನಿಂತಿದ್ದ. ಕೈಯಲ್ಲೊಂದು ನೀರಿನ ತಂಬಿಗೆ. ಬಂದವರ ಮುಖಗಳನ್ನೆಲ್ಲ ನೋಡುತ್ತಿದ್ದ, ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಮಂದಿ ತೆಳುವಾಗುತ್ತ ಬಂದಂತೆ ಅವನ ತಲೆಯೂ ತಗ್ಗುತ್ತ ಬಂತು. ಕೊನೆಯ ಚಕ್ಕಡಿಯ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಒಬ್ಬ ಕಟ್ಟುಮಸ್ತಾದ ಗಂಡಸು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ದಿನವಿಡೀ ದೋಣಿಯಲ್ಲಿ ಮಂದಿಯನ್ನು ದಾಟಿಸಿ, ಎಲ್ಲರೂ ದಾಟಿದ ಮೇಲೆ ಹೊರಟವನು. ಅವನ ಪಕ್ಕದಲ್ಲಿ ಕಸ್ತೂರಿ.

ಅಗಸಿಯ ಹೊರಗೇ ಅವಳು ನಿಂತಳು. ಅಪ್ಪನನ್ನು ನೋಡಿದಳು, ಒಳಗೆ ಹೆಜ್ಜೆಯಿಡಲಿಲ್ಲ.

“ಬಾ” ಅಂದ ಫಕೀರಪ್ಪ. ತಂಬಿಗೆಯನ್ನು ಮುಂದೆ ಚಾಚಿ ಮತ್ತೆ ಅಂದ. “ಬಾರವಾ. ಬರ್ತೇನಿ ಅಂದಾಕಿ ಹೊರಗ ನಿಂತರ ಹೆಂಗ?”

ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡಳು. “ಅವ್ವ ಹೇಳಿದ್ಲೇನಪ್ಪಾ ನಿಮಗ? ಅವ್ವಗಷ್ಟ ಅಂದಿದ್ದೆ ನಾ.”

“ಹೇಳಲಿಲ್ಲ. ಇದು ಹೇಳ್ತು” ಎಂದು ಅವನು ಕಮಾನಿನತ್ತ ಕೈಮಾಡಿದ.

ಅವಳು ಅಳುತ್ತಲೇ ಹೆಸರು ಹೇಳಿ ಒಳಗೆ ಬಂದಳು. ಓಣಿಯ ತುದಿಯ ಮನೆಯಲ್ಲಿ ಒಂದು ದೀಪ ಆರಿದ್ದು ಅಲ್ಲಿಂದಲೇ ಕಂಡಿತು. ಈಗ ಅಲ್ಲಿ ಉಳಿದದ್ದು ಒಂದೇ ದೀಪ.

ಗಂಡ ಮಗುವನ್ನು ಕೆಳಗಿಳಿಸಿದ. ಮೂರರ ಕೂಸು, ನಿದ್ದೆಗಣ್ಣು, ಅಪ್ಪನ ಅಂಗಿಯಲ್ಲಿ ಸುತ್ತಿದ ಮೈ. “ನೀನೂ ಹೇಳವಾ, ಹೆಸರ ಹೇಳಿ ಒಳಗ ಬರಬೇಕಂತ ಇಲ್ಲೆ” ಎಂದು ಮುಕ್ತಾ ಬಗ್ಗಿ ಅದರ ಕೆನ್ನೆ ಸವರಿದಳು.

ಮಗು ತಲೆಯೆತ್ತಿ, ಹಿತ್ತಾಳೆಯ ಜಾಲರಿಯನ್ನು ನೋಡಿ, ಸ್ಪಷ್ಟವಾಗಿ ಹೇಳಿತು. “ನಾ ಹೊನ್ನವ್ವ. ಹೊಸಮನಿಯವರ ಮನಿಗೆ ಬಂದೇನಿ.”

ಮುಕ್ತಾ ಓಣಿಯ ತುದಿಗೆ ನೋಡಿದಳು. ನಾಲ್ಕು ವರ್ಷ ಒಂದು ದಿನವೂ ಬಿಡದೆ ಉರಿದ ದೀಪ ಒಮ್ಮೆ ಮಿನುಗಿ ಆರಿಹೋಯಿತು. ಮನೆಯ ನಲ್ಲಿಯಲ್ಲಿ ನೀರು ಬೀಳುವ ಸದ್ದು ಅಷ್ಟು ದೂರಕ್ಕೂ ಕೇಳಿಸಿತು.

ಅವಳ ಫೋನು ಅಲುಗಿತು. ಕೊಠಡಿಯಿಂದ ದೇಸಾಯಿಯವರು. “ಮುಕ್ತಾ, ನಿಮ್ಮನಿಯೊಳಗ ಹೊನ್ನವ್ವ ಅನ್ನೋವ್ರು ಬಂದ್ರು ಅಂತ ತೋರಸ್ತದ. ಅವರು... ಇದು ಅಜ್ಜಂದು ತಪ್ಪಿರಬೇಕು. ಇಲ್ಲಿಂದ ತಿದ್ದಲೇನು?”

ಮುಕ್ತಾ ಅಪ್ಪನನ್ನು ನೋಡಿದಳು. ಅವನು ಮಂಡಿಯೂರಿ ಕೂತು ಕೂಸಿನ ಕೆಸರು ಕಾಲಿಗೆ ತಂಬಿಗೆಯ ನೀರು ಹಾಕುತ್ತಿದ್ದ. ಅರ್ಧ ನೀರು ನೆಲಕ್ಕೇ ಹೋಗುತ್ತಿತ್ತು.

“ಬ್ಯಾಡ್ರೀ ಸರ್” ಅಂದಳು. “ಬಂದಾರ್ರಿ.”

ಫಕೀರಪ್ಪ ಕಾಲು ತೊಳೆದು ಮುಗಿಸಿ, ಆರಿದ ದೀಪದತ್ತ ಒಮ್ಮೆ ನೋಡಿದ. “ದೀಪ ದೊಡ್ಡದಾತು” ಅಂದ. ಆಮೇಲೆ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು, ಅದರ ಕಿವಿಯಲ್ಲಿ, ಬೇರೆ ಯಾರಿಗೂ ಕೇಳದಿರಲಿ ಎನ್ನುವಂತೆ ಹೇಳಿದ:

“ಎಷ್ಟ ತಡಾ ಮಾಡಿದೆವಾ.”